ಇನ್ನೊಂದು ಮಳೆಗಾಲ ತಡೆಯುತ್ತದೆಯೇ? ಹಳೆ ಬಟ್ಟೆ ಇಟ್ಟುಕೊಳ್ಳುವುದೋ, ಹೊಲಿಸುವುದೋ, ಬಿಡುವುದೋ

ಅರಸೀಕೆರೆಯ ಬಿಸಿಲಿಗೆ ಮಧ್ಯಾಹ್ನದೊಳಗೆ ಗರಿಗರಿಯಾಗುವ ಪಂಚೆ, ಮೂಡಿಗೆರೆಯ ಆರಿದ್ರ ಮಳೆಯಲ್ಲಿ ಮೂರು ದಿನ ಹಗ್ಗದ ಮೇಲಿದ್ದರೂ ತಣ್ಣಗೇ ಇರುತ್ತದೆ. ಒಂದೇ ಅಂಗಡಿಯ, ಒಂದೇ ಬೆಲೆಯ ಎರಡು ಅಂಗಿಗಳಲ್ಲಿ ಒಂದು ಕಡೂರಿನ ಮನೆಗೂ ಇನ್ನೊಂದು ಕೊಪ್ಪದ ಮನೆಗೂ ಹೋದರೆ ಅವೆರಡೂ ಒಂದೇ ಕಾಲಕ್ಕೆ ಹಳತಾಗುವುದಿಲ್ಲ. ಹಾಗಾಗಿ ‘ಅಂಗಿಗೆ ಎರಡು ವರ್ಷ, ಪ್ಯಾಂಟಿಗೆ ಮೂರು ವರ್ಷ’ ಎಂಬ ಲೆಕ್ಕ ಹಾಸನ, ಚಿಕ್ಕಮಗಳೂರಿನ ಮಲೆನಾಡಿಗೆ ಹೊಂದುವುದಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಬಟ್ಟೆ ಇನ್ನೊಂದು ಮಳೆಗಾಲ ತಡೆಯುತ್ತದೆಯೇ?

ಅದನ್ನು ಕೇಳಲು ಸರಿಯಾದ ಹೊತ್ತು ಮೇ ತಿಂಗಳ ಕೊನೆಯ ವಾರ, ಮೃಗಶಿರ ಮಳೆ ಹಿಡಿಯುವ ಮುಂಚೆ. ಆಗ ಅರ್ಧ ಜೀವ ಉಳಿದಿರುವ ಬಟ್ಟೆ ತೋಟಕ್ಕಾಗುತ್ತದೆ, ತೊಟ್ಟಿಲಿಗಾಗುತ್ತದೆ, ಬೇರೆಯವರ ಮೈಗಾಗುತ್ತದೆ. ಅದನ್ನೇ ‘ನೋಡೋಣ, ಇರಲಿ’ ಎಂದು ಬೀರುವಿನ ತಳಕ್ಕೆ ತುರುಕಿದರೆ ಆಶ್ಲೇಷ ಮಳೆಯ ಹೊತ್ತಿಗೆ ಬೂಷ್ಟು ಹಿಡಿದು ನೆಲ ಒರೆಸುವುದಕ್ಕೂ ಬಾರದಂತಾಗುತ್ತದೆ. ಬೇಗ ಬಿಟ್ಟು ದುಡ್ಡು ಕಳೆದುಕೊಳ್ಳುವುದು ಒಂದು ನಷ್ಟ. ತಡವಾಗಿ ಬಿಟ್ಟು ಬಟ್ಟೆಯನ್ನೇ ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ, ಮಲೆನಾಡಿನ ಬೀರುಗಳಲ್ಲಿ ನಡೆಯುವುದು ಇದೇ.

ಸತ್ತದ್ದು ನೂಲೋ, ಹೊಲಿಗೆಯೋ

ಬಟ್ಟೆ ಹಳತಾಯಿತು ಎನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಹೊಲಿಗೆ ಬಿಟ್ಟಿರುವುದು, ಗುಂಡಿ ಉದುರಿರುವುದು, ಜಿಪ್ ಕೆಟ್ಟಿರುವುದು, ಅಂಚು ಕೆಳಗಿಳಿದಿರುವುದು: ಇವೆಲ್ಲ ಬಟ್ಟೆಯ ಮೇಲೆ ಮಾಡಿದ ಕೆಲಸ ಕೆಟ್ಟಿರುವುದು. ಮತ್ತೆ ಮಾಡಿಸಿದರೆ ಮುಗಿಯಿತು. ಹಾಸು ಹೊಕ್ಕಿನ ನೂಲೇ ಸವೆದಿದ್ದರೆ ಯಾವ ಟೈಲರ್‌ನಿಂದಲೂ ಅದಕ್ಕೆ ಜೀವ ಬರುವುದಿಲ್ಲ. ಸೂಜಿ ಚುಚ್ಚಿದ ಕಡೆಯೆಲ್ಲ ಹೊಸ ತೂತು ಬೀಳುತ್ತದೆ, ಅಷ್ಟೇ.

ಇದನ್ನು ತಿಳಿಯಲು ಎರಡು ನಿಮಿಷ ಸಾಕು. ಅಂಗಿಯನ್ನು ಕಿಟಕಿಗೆ ಅಡ್ಡವಾಗಿ ಹಿಡಿಯಿರಿ. ಭುಜದ ಹಿಂಭಾಗ, ಮೊಣಕೈ, ಕಾಲರಿನ ಮಡಿಕೆ. ಪ್ಯಾಂಟಾದರೆ ಕೂರುವ ಜಾಗ ಮತ್ತು ತೊಡೆಗಳು ಒಂದಕ್ಕೊಂದು ಉಜ್ಜುವ ಜಾಗ. ಸುತ್ತಲಿನ ಬಟ್ಟೆಗಿಂತ ಅಲ್ಲಿ ಬೆಳಕು ಹೆಚ್ಚು ತೂರಿ ಬಂದರೆ ನೂಲು ತೆಳುವಾಗಿದೆ ಎಂದರ್ಥ. ಆಮೇಲೆ ಆ ಜಾಗವನ್ನು ಎರಡು ಹೆಬ್ಬೆರಳುಗಳ ನಡುವೆ ಒಂದು ಅಂಗುಲ ಬಿಟ್ಟು ಹಿಡಿದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ನೂಲು ಸವೆದಿದ್ದರೆ, ಕಿವಿಗೊಟ್ಟಾಗ ಒಣ ಎಲೆ ಮುರಿದಂಥ ಸಣ್ಣ ಚಿಟಚಿಟ ಕೇಳಿಸುತ್ತದೆ; ಅದು ನೂಲು ಹರಿಯುವ ಸದ್ದು. ಒಂದು ದಿಕ್ಕಿಗೆ ಮಾತ್ರ ಕೇಳಿಸಿದರೆ ಒಳಗಿನಿಂದ ತೇಪೆ ಕೊಟ್ಟು ಒಂದು ವರ್ಷ ಎಳೆಯಬಹುದು. ಎರಡೂ ದಿಕ್ಕಿಗೆ ಕೇಳಿಸಿದರೆ ಹೊಲಿಗೆ ಕೂಲಿ ದಂಡ.

ಟೆರಿಕಾಟ್ ಬಟ್ಟೆಯಲ್ಲಿ ಮಾತ್ರ ಎಳೆದು ನೋಡುವ ಪರೀಕ್ಷೆ ಮೋಸ ಮಾಡುತ್ತದೆ. ಅದರಲ್ಲಿ ಹತ್ತಿಯೂ ಪಾಲಿಯೆಸ್ಟರೂ ಬೆರೆತಿರುತ್ತವೆ. ಉಜ್ಜಿದಾಗ ಮೊದಲು ಹೋಗುವುದು ಹತ್ತಿ, ಉಳಿಯುವುದು ಪಾಲಿಯೆಸ್ಟರ್ ಜಾಲರಿ. ಎಳೆದರೆ ಗಟ್ಟಿ, ಬೆಳಕಿಗೆ ಹಿಡಿದರೆ ಸೊಳ್ಳೆ ಪರದೆ. ಶಾಲೆಯ ಯೂನಿಫಾರಂ ಅಂಗಿಗಳು ಮೂರನೆಯ ವರ್ಷಕ್ಕೆ ಹರಿಯದೆಯೇ ಪಾರದರ್ಶಕವಾಗುವುದು ಇದರಿಂದ. ಅಲ್ಲಿ ಕಿಟಕಿಯ ಬೆಳಕನ್ನೇ ನಂಬಿ.

ಒದ್ದೆಯಾದಾಗ ಯಾವ ಬಟ್ಟೆ ಏನಾಗುತ್ತದೆ

ಹತ್ತಿಯ ನೂಲಿಗೆ ಒಣಗಿದ್ದಾಗಿನ ಬಲಕ್ಕಿಂತ ಒದ್ದೆಯಾಗಿದ್ದಾಗಿನ ಬಲ ಹೆಚ್ಚು. ಒಗೆಯುವ ಕಲ್ಲಿನ ಮೇಲೆ ಬಡಿಸಿಕೊಂಡೂ ಹಳೆಯ ಪಂಚೆಗಳು ವರ್ಷಗಟ್ಟಲೆ ಬಾಳಿದ್ದಕ್ಕೆ ಇದೂ ಒಂದು ಕಾರಣ. ರೇಯಾನ್ ಇದಕ್ಕೆ ತದ್ವಿರುದ್ಧ. ಈಗಿನ ಕುರ್ತಿ, ನೈಟಿಗಳಲ್ಲಿ ಬಹಳಷ್ಟು ಇದೇ ಬಟ್ಟೆ. ಮುಟ್ಟಿದರೆ ಹತ್ತಿಯಂತೆ ಮೆತ್ತಗೆ, ನೋಡಿದರೆ ಹತ್ತಿಗಿಂತ ಹೊಳಪು. ಆದರೆ ನೆನೆದಾಗ ಸರಿಸುಮಾರು ಅರ್ಧ ಬಲ ಹೋಗಿಬಿಡುತ್ತದೆ, ಒಣಗಿದ ಮೇಲೆ ಮರಳಿ ಬರುತ್ತದೆ. ಮಳೆಗಾಲದಲ್ಲಿ ಅರೆಬರೆ ಒಣಗಿದ ನೈಟಿ ತೊಟ್ಟು ಬಗ್ಗಿದಾಗ ಕಂಕುಳಲ್ಲಿ ಪರ್ ಎಂದು ಹರಿದರೆ ಹೊಲಿದವರನ್ನು ಬೈದು ಪ್ರಯೋಜನವಿಲ್ಲ. ರೇಯಾನ್ ಬಟ್ಟೆಯನ್ನು ಕಲ್ಲಿಗೆ ಬಡಿಯಬೇಡಿ, ಹಿಂಡಿ ತಿರುಚಬೇಡಿ. ಎರಡು ಅಂಗೈ ನಡುವೆ ಒತ್ತಿ ನೀರು ತೆಗೆದು ನೆರಳಲ್ಲಿ ಹಾಕಿ. ಇಷ್ಟು ಮಾಡಿದರೆ ಒಂದೇ ಮಳೆಗೆ ಹೋಗುತ್ತಿದ್ದದ್ದು ಎರಡು ಮಳೆಗೆ ಬರುತ್ತದೆ.

ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ ಎನ್ನಬಹುದು, ಫ್ಯಾನ್ ಗಾಳಿಗೇ ಒಣಗುತ್ತದೆ. ಬೂಷ್ಟು ಅದರ ನೂಲನ್ನು ತಿನ್ನುವುದಿಲ್ಲ. ಮೇಲಿನ ಕೊಳೆಯನ್ನು ತಿಂದು ಕಲೆ ಉಳಿಸುತ್ತದೆ. ಅದರ ಆಯುಸ್ಸು ಮುಗಿಯುವುದು ವಾಸನೆಯಿಂದ. ಬೆವರಿನ ಜಿಡ್ಡು ಪಾಲಿಯೆಸ್ಟರಿಗೆ ಅಂಟಿ ಕೂರುತ್ತದೆ, ಸಾಧಾರಣ ಸೋಪಿಗೆ ಬಿಡುವುದಿಲ್ಲ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ ಒಗೆಯಿರಿ. ಅದಾದ ಮೇಲೂ ತೊಟ್ಟ ಅರ್ಧ ಗಂಟೆಗೇ ಕಂಕುಳಿನ ವಾಸನೆ ಬಂದರೆ ಆ ಅಂಗಿ ಪೇಟೆಗೆ ಹೋಗುವ ದಿನ ಮುಗಿಯಿತು.

ಹಿಗ್ಗುವ ಲೈಕ್ರಾ ಎಳೆ ಬೆರೆತ ಜೀನ್ಸ್, ಲೆಗ್ಗಿಂಗ್, ಒಳ ಉಡುಪುಗಳಿಗೆ ಮಲೆನಾಡಿನ ಮನೆಯಲ್ಲೇ ಒಂದು ಶತ್ರುವಿದೆ: ಬಚ್ಚಲ ಒಲೆ. ಹಂಡೆಯ ಮೇಲೆ ಕಟ್ಟಿದ ಬಿದಿರ ಗಳದ ಮೇಲೆ ಬಟ್ಟೆ ಹರಡಿದರೆ ರಾತ್ರಿಯೊಳಗೆ ಒಣಗುತ್ತದೆ, ನಿಜ. ಹತ್ತಿಗೆ ಇದರಿಂದ ಹೊಗೆ ವಾಸನೆ, ಸ್ವಲ್ಪ ಹಳದಿ ಬಣ್ಣ ಬಿಟ್ಟರೆ ದೊಡ್ಡ ಕೇಡಿಲ್ಲ. ಎಲಾಸ್ಟಿಕ್ಕಿಗೆ ಮಾತ್ರ ಆ ಕಾವು ಮಾರಕ, ಒಳಗಿನ ರಬ್ಬರು, ಲೈಕ್ರಾ ಎಳೆಗಳು ಮುರಿದು ಪಟ್ಟಿ ಸಡಿಲಾಗುತ್ತದೆ. ಇಂಥವನ್ನು ಒಲೆಯ ನೇರಕ್ಕೆ ಹಾಕದೆ ಪಕ್ಕದ ಗೋಡೆಯ ಹಗ್ಗಕ್ಕೆ ಹಾಕಿ. ಪಟ್ಟಿಯನ್ನು ಒಂದೂವರೆಯಷ್ಟು ಎಳೆದು ಬಿಟ್ಟಾಗ ಮೊದಲಿನ ಅಳತೆಗೆ ಮರಳದಿದ್ದರೆ ಎಲಾಸ್ಟಿಕ್ಕಿನ ಆಯುಸ್ಸು ಮುಗಿಯಿತು. ಲಂಗ, ಪೈಜಾಮಕ್ಕಾದರೆ ಎಲಾಸ್ಟಿಕ್ ಬದಲಿಸಿ. ಒಳ ಉಡುಪು, ಕಾಲುಚೀಲವನ್ನು ಬಿಡಿ.

ಬಟ್ಟೆ ಯಾವುದೆಂದೇ ಗೊತ್ತಾಗದಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ತೆಗೆದು, ಚಿಮಟಿಗೆಯಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ನೈಲಾನ್ ಅಥವಾ ಅಕ್ರಿಲಿಕ್. ‘ಉಲ್ಲನ್’ ಎಂದು ಕೊಂಡ ಸ್ವೆಟರ್ ಎಷ್ಟೋ ಸಲ ಈ ಮೂರನೆಯ ಗುಂಪಿಗೆ ಸೇರಿರುತ್ತದೆ.

ಹೊಲಿಸುವುದೋ, ಹೊಸದು ಕೊಳ್ಳುವುದೋ

ಹೊಲಿಗೆ ಕೂಲಿಯನ್ನು ಬಟ್ಟೆಯ ಬೆಲೆಯೊಂದಿಗೆ ತೂಗಬೇಡಿ. ಇನ್ನೆಷ್ಟು ಸಲ ತೊಡುತ್ತೀರಿ ಎಂಬುದರಿಂದ ಭಾಗಿಸಿ. ಉದಾಹರಣೆಗೆ, 1,200 ರೂಪಾಯಿಯ ಹೊಸ ಪ್ಯಾಂಟನ್ನು 200 ಸಲ ತೊಟ್ಟರೆ ಸಲಕ್ಕೆ 6 ರೂಪಾಯಿ. ಹಳೆಯದಕ್ಕೆ 150 ರೂಪಾಯಿ ಕೊಟ್ಟು ಜಿಪ್ ಹಾಕಿಸಿ ಇನ್ನು 50 ಸಲ ತೊಟ್ಟರೆ ಸಲಕ್ಕೆ 3 ರೂಪಾಯಿ, ಲಾಭ. ಆದರೆ ಕೂರುವ ಜಾಗ ಆಗಲೇ ತೆಳುವಾಗಿದ್ದು 15 ಸಲಕ್ಕೆ ಹರಿದರೆ ಸಲಕ್ಕೆ 10 ರೂಪಾಯಿ ಬಿತ್ತು. ಜಿಪ್ ಹಾಕಿಸುವ ಮುಂಚೆ ಪ್ಯಾಂಟಿನ ಹಿಂಭಾಗವನ್ನು ಬೆಳಕಿಗೆ ಹಿಡಿದು ನೋಡಿ ಎನ್ನುವುದು ಈ ಲೆಕ್ಕಕ್ಕಾಗಿ.

ಜಿಪ್ಪಿನಲ್ಲೂ ಎರಡು ಬಗೆ. ಹಲ್ಲುಗಳು ಸರಿಯಿದ್ದು, ಮೇಲೆಳೆದ ಮೇಲೆ ಹಿಂದೆ ಬಾಯಿ ಬಿಡುತ್ತಿದ್ದರೆ ಸವೆದಿರುವುದು ರನ್ನರ್. ಕಟಿಂಗ್ ಪ್ಲೇಯರಿನಿಂದ ಅದರ ಎರಡು ಬದಿಯನ್ನು ತುಸುವೇ ಒತ್ತಿದರೆ ಕೆಲವು ತಿಂಗಳು ಬರುತ್ತದೆ, ಹೆಚ್ಚು ಒತ್ತಿದರೆ ಮುರಿಯುತ್ತದೆ. ಇಲ್ಲವೇ ರನ್ನರ್ ಮಾತ್ರ ಬದಲಿಸಿ. ಕೆಳಗಿನ ಹಲ್ಲು ಉದುರಿದ್ದರೆ ಇಡೀ ಜಿಪ್ ಬದಲಿಸಬೇಕು. ಮಳೆಗಾಲದಲ್ಲಿ ಜರ್ಕಿನ್ನಿನ ಲೋಹದ ಜಿಪ್ ಕಿಲುಬು ಹಿಡಿದು ಸಿಕ್ಕಿಕೊಂಡರೆ ಎಣ್ಣೆ ಬಿಡಬೇಡಿ, ಬಟ್ಟೆಗೆ ಕಲೆಯಾಗುತ್ತದೆ. ಮೇಣದ ಬತ್ತಿಯನ್ನು ಹಲ್ಲಿನ ಮೇಲೆ ಎರಡು ಸಲ ಉಜ್ಜಿ.

ತೇಪೆ ಮತ್ತು ಡಾರ್ನಿಂಗ್ (ಸೂಜಿಯಿಂದ ನೂಲು ನೇಯ್ದು ತೂತು ಮುಚ್ಚುವುದು) ನಡುವೆ ಆಯ್ಕೆ ಸುಲಭ. ಹೆಸರುಕಾಳಿನಷ್ಟು ತೂತು, ಸುತ್ತಲಿನ ಬಟ್ಟೆ ಗಟ್ಟಿ: ಡಾರ್ನಿಂಗ್. ಕಿರುಬೆರಳ ಉಗುರಿಗಿಂತ ದೊಡ್ಡದು, ಅಥವಾ ಸುತ್ತಲೂ ತೆಳುವಾಗಿದೆ: ತೇಪೆ. ತೇಪೆ ತೂತಿಗಿಂತ ಪ್ರತಿ ಬದಿಗೆ ಒಂದು ಅಂಗುಲ ಹೆಚ್ಚಿರಬೇಕು, ಗಟ್ಟಿ ಬಟ್ಟೆಯನ್ನು ಹಿಡಿದು ನಿಲ್ಲುವಂತೆ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಮೊದಲು ಏಳುತ್ತದೆ. ತೇಪೆಯ ಬಟ್ಟೆಯನ್ನು ಮೊದಲೇ ಒಮ್ಮೆ ಒಗೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸುತ್ತ ನೆರಿಗೆ ಹಿಡಿಯುತ್ತದೆ. ದಾರವೂ ಬಟ್ಟೆಗಿಂತ ಬಲವಾಗಿರಬಾರದು: ಸವೆದ ಹತ್ತಿಗೆ ದಪ್ಪ ನೈಲಾನ್ ದಾರ ಹಾಕಿದರೆ ಆ ದಾರವೇ ಗರಗಸದಂತೆ ಬಟ್ಟೆಯನ್ನು ಕೊಯ್ದು, ತೇಪೆಯ ಪಕ್ಕದಲ್ಲೇ ಹೊಸ ಹರಕು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ತೂತು ಬೀಳುವ ತನಕ ಕಾಯಬೇಡಿ. ತೊಡೆಯ ಭಾಗ ತೆಳುವಾದಾಗಲೇ ಒಳಗಿನಿಂದ ಬಟ್ಟೆ ಕೊಟ್ಟು ಒತ್ತೊತ್ತಾಗಿ ಮಿಶಿನ್ ಹೊಲಿಗೆ ಓಡಿಸಿದರೆ ಹೊರಗೆ ಕಾಣುವುದೂ ಇಲ್ಲ, ಪ್ಯಾಂಟು ಬಾಳುತ್ತದೆ.

ಕಾಲರ್ ಸವೆದ ಅಂಗಿಗೆ ಕಾಲರ್ ತಿರುಗಿಸಿ ಹೊಲಿಸುವ ಒಳ್ಳೆಯ ರೂಢಿಯೊಂದು ನಮ್ಮಲ್ಲಿತ್ತು, ಈಗ ಕೇಳುವವರೇ ಕಡಿಮೆ. ಕತ್ತಿನ ಪಟ್ಟಿಯ ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ, ಒಳಮೈ ಹೊರಗೆ ಬರುವಂತೆ ಮತ್ತೆ ಕೂರಿಸುವುದು. ಹೊಲಿಸಿದ ಅಂಗಿಗಳಲ್ಲಿ ಇದು ಚೆನ್ನಾಗಿ ಆಗುತ್ತದೆ. ಒಳಗೆ ಅಂಟಿಸಿದ ಕ್ಯಾನ್ವಾಸ್ ಬಿಟ್ಟುಕೊಂಡು ಗುಳ್ಳೆ ಎದ್ದಿರುವ ರೆಡಿಮೇಡ್ ಕಾಲರುಗಳಲ್ಲಿ ಆಗದು. ಅಂಗಿಯ ಬೆನ್ನು ಗಟ್ಟಿಯಿದ್ದು ಕಾಲರ್ ಮಾತ್ರ ಹೋಗಿದ್ದರೆ ಟೈಲರನ್ನು ಕೇಳಲೇಬೇಕಾದ ಕೆಲಸ ಇದು.

ಮಳೆಯ ಉಡುಪು

ರೇನ್‌ಕೋಟು, ಜರ್ಕಿನ್ನುಗಳ ವಿಷಯದಲ್ಲಿ ಕರುಣೆ ಬೇಡ. ಪ್ಲಾಸ್ಟಿಕ್ ಕೋಟು ವರ್ಷ ಕಳೆದಂತೆ ತನ್ನ ಮೆದುತನ ಕಳೆದುಕೊಂಡು ಮಡಿಕೆಯಲ್ಲೇ ಸೀಳುತ್ತದೆ; ಮಡಚಿಡುವ ಬದಲು ನೇತು ಹಾಕಿದರೆ ಒಂದು ವರ್ಷ ಹೆಚ್ಚು ಬರುತ್ತದೆ. ಒಳಗೆ ಲೇಪ ಕೊಟ್ಟ ನೈಲಾನ್ ಕೋಟುಗಳದ್ದು ಬೇರೆ ರೋಗ. ಆ ಲೇಪ ತೇವಕ್ಕೇ ಒಡೆಯುವಂಥದ್ದು. ಒದ್ದೆ ಕೋಟನ್ನು ಬೈಕಿನ ಡಿಕ್ಕಿಯಲ್ಲೋ ಕವರಿನಲ್ಲೋ ಸುತ್ತಿಟ್ಟರೆ ಮುಂದಿನ ವರ್ಷ ಒಳಮೈ ಅಂಟಂಟಾಗಿ, ಬಿಳಿ ಹೊಟ್ಟು ಉದುರುತ್ತದೆ. ಅದಕ್ಕೆ ಮದ್ದಿಲ್ಲ. ರೆಕ್ಸಿನ್ ಜಾಕೆಟ್ಟೂ ಹೀಗೆಯೇ, ತೊಟ್ಟರೂ ಸಿಪ್ಪೆ ಏಳುತ್ತದೆ, ತೊಡದಿದ್ದರೂ ಏಳುತ್ತದೆ. ಸೋರುತ್ತಿರುವುದು ಹೊಲಿಗೆಯ ಸಾಲಿನಲ್ಲಿ ಮಾತ್ರವಾದರೆ ಒಳಗಿನಿಂದ ಸೀಮ್ ಟೇಪ್ ಅಂಟಿಸಿ ಉಳಿಸಿಕೊಳ್ಳಬಹುದು. ಪರೀಕ್ಷೆಗೆ, ಕೋಟಿನ ಭುಜವನ್ನು ಬೋಗುಣಿಯಂತೆ ಮಾಡಿ ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಬಿಡಿ. ಎಲ್ಲಿ ಹನಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕಂಬಳಿಯ ಕೊಪ್ಪೆ ಹೊದ್ದು ಗದ್ದೆ ನಾಟಿ ಮಾಡಿದ ಕಾಲ ಪೂರ್ತಿ ಹೋಗಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನಿಸುವುದಿಲ್ಲ. ಹುಳು ಹಿಡಿದ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು, ಮಡಿಕೆಗಳನ್ನು ಬ್ರಷ್ಷಿನಿಂದ ತಿಕ್ಕಿದರೆ ಎಷ್ಟೋ ಉಳಿಯುತ್ತದೆ. ಬಿಸಿನೀರಿಗೆ ಹಾಕಿ ಉಜ್ಜಿದರೆ ಮಾತ್ರ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತಾಗದು.

ರೇಷ್ಮೆ ಸೀರೆ

ರೇಷ್ಮೆ ಸೀರೆಯನ್ನು ಉಟ್ಟು ಹರಿದದ್ದಕ್ಕಿಂತ ಮಡಿಸಿಟ್ಟು ಹರಿದದ್ದು ಹೆಚ್ಚು. ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಮಡಿಕೆ ಕೂತರೆ ನೂಲು ಅಲ್ಲೇ ಮುರಿಯುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಹಳೆ ಗೆರೆಯಿಂದ ಎರಡು ಅಂಗುಲ ಸರಿಸಿ ಮಡಿಸಿ. ಪ್ಲಾಸ್ಟಿಕ್ ಕವರ್ ಬೇಡ, ಒಗೆದ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ. ಕಬ್ಬಿಣದ ಹ್ಯಾಂಗರ್ ಮಲೆನಾಡಿನಲ್ಲಿ ಒಂದೇ ಮಳೆಗೆ ತುಕ್ಕಿನ ಗೆರೆ ಎಳೆಯುತ್ತದೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ, ಜರಿಗೆ ತಾಗಿಸಬೇಡಿ. ಎಳೆ ಮಕ್ಕಳ ಬಟ್ಟೆಯಿರುವ ಟ್ರಂಕಿಗೆ ಅದನ್ನು ಹಾಕಲೇಬೇಡಿ. ಕೆಲವು ಮಕ್ಕಳಿಗೆ ಅದರ ಆವಿಯಿಂದ ರಕ್ತಕಣಗಳೇ ಒಡೆಯುತ್ತವೆ.

ಮಡಿಕೆಯಲ್ಲಿ ಒಂದೆರಡು ಕಡೆ ಬಿರಿದಿದ್ದರೆ ಡಾರ್ನಿಂಗ್ ಮಾಡಿಸಿ, ನೆರಿಗೆಯ ಒಳಗೆ ಹೋಗುವ ಭಾಗವಾದರೆ ಚಿಂತೆಯೂ ಇಲ್ಲ. ಒಡಲು ಪೂರ್ತಿ ಬಿರಿಯುತ್ತಿದ್ದು ಅಂಚು, ಸೆರಗು ಗಟ್ಟಿಯಿದ್ದರೆ ಅವನ್ನು ಬಿಡಿಸಿ ಹೊಸ ಒಡಲಿಗೆ ಕೂಡಿಸಬಹುದು, ಮಕ್ಕಳ ಲಂಗಕ್ಕೆ ಪಟ್ಟಿ ಕೊಡಬಹುದು. ಹಳೆ ಜರಿ ಸೀರೆ ಕೊಳ್ಳುವವರು ಬಾಗಿಲಿಗೆ ಬಂದಾಗ ಆತುರಪಡಬೇಡಿ. ಜರಿಯ ಎಳೆಯನ್ನು ಉಗುರಿನಿಂದ ಕೆರೆದು ನೋಡಿ: ಅಸಲಿ ಜರಿಯಾದರೆ ಬೆಳ್ಳಿ ತಂತಿಯ ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ದಾರವಿರುತ್ತದೆ. ಇದ್ದರೆ ಅದಕ್ಕೆ ಬೆಳ್ಳಿಯ ಬೆಲೆಯಿದೆ, ಎರಡು ಸ್ಟೀಲ್ ಡಬ್ಬಿಗೆ ಕೊಡುವ ವಸ್ತುವಲ್ಲ.

ಬೂಷ್ಟು ಹಿಡಿದದ್ದನ್ನು ಉಳಿಸಬಹುದೇ

ಮೊದಲು ಹೊರಗೆ ಒಯ್ದು ಬ್ರಷ್ ಮಾಡಿ. ಕೋಣೆಯೊಳಗೆ ಕೊಡವಿದರೆ ಅದರ ಪುಡಿ ಉಳಿದ ಬಟ್ಟೆಗೂ, ಮೂಗಿಗೂ ಹೋಗುತ್ತದೆ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ವಿನೆಗರ್ ಹಾಕಿ ಒಂದು ಗಂಟೆ ನೆನೆಸಿ, ಸೋಪಿನಲ್ಲಿ ಒಗೆದು, ಬಿಸಿಲು ಕಂಡ ದಿನ ಪೂರ್ತಿ ಒಣಗಿಸಿ. ಬಿಳಿ ಹತ್ತಿಗೆ ಬ್ಲೀಚ್ ಹಾಕಬಹುದು, ಆದರೆ ವಿನೆಗರ್ ಇರುವ ನೀರಿಗೆ ಎಂದೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ರೇಷ್ಮೆ, ಉಣ್ಣೆ, ಲೈಕ್ರಾಗೆ ಬ್ಲೀಚ್ ತಾಗಲೇಬಾರದು.

ಒಗೆದ ಮೇಲೆ ಕಪ್ಪು ಚುಕ್ಕೆ ಉಳಿಯಬಹುದು, ಅದು ಬಣ್ಣ ಮಾತ್ರ. ಚುಕ್ಕೆಯ ಮೇಲೆಯೇ ಹೆಬ್ಬೆರಳ ಪರೀಕ್ಷೆ ಮಾಡಿ. ಗಟ್ಟಿಯಿದ್ದರೆ ಮನೆಯಲ್ಲಿ ಉಡಿ, ಅಥವಾ ಕಡುಬಣ್ಣ ಹಾಕಿಸಿ. ಬೆರಳು ತೂರಿದರೆ ಬೂಷ್ಟು ನೂಲನ್ನು ತಿಂದು ಮುಗಿಸಿದೆ.

ಕೆಳಗಿಳಿಸುವ ಕ್ರಮ

ಪೇಟೆಯ ಬಟ್ಟೆ ಮನೆಗೆ, ಮನೆಯದು ತೋಟಕ್ಕೆ, ತೋಟದ್ದು ಒರೆಸಲು: ಈ ಮೆಟ್ಟಿಲುಗಳು ಎಲ್ಲ ಮನೆಯಲ್ಲೂ ಇವೆ. ತಪ್ಪಾಗುವುದು ಯಾವ ಬಟ್ಟೆ ಯಾವ ಮೆಟ್ಟಿಲಿಗೆ ಎಂಬಲ್ಲಿ. ಕಾಫಿ ಕೊಯ್ಲಿಗೆ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ತುಂಬುತೋಳಿನ ಅಂಗಿ ಟೆರಿಕಾಟಿನದಾಗಿದ್ದರೆ ಒಳ್ಳೆಯದು, ರೆಂಬೆಗೆ ಸಿಕ್ಕಿದರೂ ಬೇಗ ಹರಿಯದು, ಬೇಗ ಒಣಗುತ್ತದೆ. ಅಡಿಕೆ ಚೊಗರು, ಬಾಳೆ ಕಲೆ ಹಿಡಿದದ್ದನ್ನು ಉಜ್ಜುತ್ತ ಕೂರದೆ ನೇರ ತೋಟಕ್ಕೆ ಬಿಡಿ. ಆ ಕಲೆ ತೆಗೆಯಲು ಹಾಕುವ ಬ್ಲೀಚ್ ಬಟ್ಟೆಯನ್ನೇ ತೆಗೆಯುತ್ತದೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಅಥವಾ ಕೀಟನಾಶಕ ಸಿಂಪಡಿಸುವಾಗ ತೊಟ್ಟ ಬಟ್ಟೆ ಮಾತ್ರ ಅಲ್ಲಿಗೇ ಕೊನೆ. ಬೇರೆಯಾಗಿ ಒಗೆದು ಅದೇ ಕೆಲಸಕ್ಕೆ ಇಡಿ, ಮಸಿಬಟ್ಟೆ ಮಾಡಿ ಅಡುಗೆ ಮನೆಗೆ ತರಬೇಡಿ.

ಅಡುಗೆ ಮನೆಗೆ ಹತ್ತಿ ಮಾತ್ರ. ಪಾಲಿಯೆಸ್ಟರ್ ಮಸಿಬಟ್ಟೆಯಲ್ಲಿ ಬಿಸಿ ಬಾಣಲೆ ಹಿಡಿದರೆ ಕರಗಿ ಕೈಗೆ ಅಂಟುತ್ತದೆ. ಸಂಡಿಗೆ, ಹಪ್ಪಳ ಹಾಕಲು ಹಳೆ ಬಿಳಿ ಪಂಚೆಯೇ ಆಗಬೇಕು, ಬಣ್ಣದ ಸೀರೆಯಿಂದ ಬಣ್ಣ ಇಳಿಯುತ್ತದೆ. ತೊಟ್ಟಿಲಿಗೆ ಹಲವು ಸಲ ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಒಳ್ಳೆಯದಿಲ್ಲ, ಆದರೆ ಹರಿದ ಅಂಚನ್ನು ಮಡಿಸಿ ಹೊಲಿಯಲೇಬೇಕು. ಬಿಟ್ಟುಕೊಂಡ ನೂಲು ಮಗುವಿನ ಕಾಲ್ಬೆರಳಿಗೆ ಸುತ್ತಿ ರಕ್ತ ನಿಲ್ಲಿಸಿಬಿಡಬಹುದು. ಬೇರೆಯವರಿಗೆ ಕೊಡುವುದಾದರೆ ಒಗೆದು, ಗುಂಡಿ ಹಾಕಿ, ಕನಿಷ್ಠ ಇನ್ನೊಂದು ಮಳೆಗಾಲ ಬಾಳುವಂಥದ್ದನ್ನೇ ಕೊಡಿ.

ಯಾವುದಕ್ಕೂ ಬಾರದ ಪಾಲಿಯೆಸ್ಟರನ್ನೂ ಹಳೆ ರೇನ್‌ಕೋಟನ್ನೂ ಬಚ್ಚಲ ಒಲೆಗೆ ಹಾಕಬೇಡಿ, ಆ ಹೊಗೆ ಮನೆಯವರ ಎದೆಗೇ ಹೋಗುತ್ತದೆ. ಪಾಲಿಯೆಸ್ಟರ್ ಸೀರೆಯಾದರೆ ಹಂದಿ ಬರುವ ಗದ್ದೆಯ ಬದಿಗೆ ಕಟ್ಟಿ. ಹತ್ತಿಯ ಚಿಂದಿಯನ್ನು ಎರಡು ಬೆರಳಗಲದ ಪಟ್ಟಿಯಾಗಿ ಹರಿದಿಟ್ಟುಕೊಂಡರೆ ಮಳೆ ಶುರುವಿನಲ್ಲಿ ಮೆಣಸಿನ ಬಳ್ಳಿ ಕಟ್ಟಲು ಬೇಕಾಗುತ್ತದೆ. ಬಳ್ಳಿಯ ಬೇರು ಮರವನ್ನು ಹಿಡಿದುಕೊಂಡ ಮೇಲೆ ಆ ಪಟ್ಟಿ ತಾನೇ ಕೊಳೆತು ಉದುರುತ್ತದೆ. ಪಾಲಿಯೆಸ್ಟರ್ ಪಟ್ಟಿ ಕಟ್ಟಿದರೆ ಅದು ಉಳಿದು, ದಪ್ಪವಾಗುವ ಬಳ್ಳಿಯ ಕತ್ತು ಹಿಸುಕುತ್ತದೆ.